ಪ್ರವಚನಕ್ಕೊಂದು ಜೋಡಿ ವೂಫರ್

"ಅಮ್ಮಾರೆ, ಈ ಆಂಪ್ಲಿಫೈಯರ್‌ನಾಗೆ ಬುದ್ಧಿಯೋರು ಉಸಿರು ಎಳಕೊಂಡಿದ್ದೂ ಕೇಳ್ತೈತೆ, ನೋಡ್ರಿ," ಎಂದು ಅಂಗಡಿಯ ನಿಂಗರಾಜ್ ಕ್ಯಾಸೆಟ್ ಹಾಕಿದ.

ದ್ರಾಕ್ಷಾಯಣಮ್ಮ ಸ್ಟೂಲಿನ ಮೇಲೆ ಕೈಮುಗಿದು ಕೂತರು. ಮಾರುತಿ ಕಾರಿಗೆ ಸಬ್‌ವೂಫರ್ ಹಾಕಿಸಬೇಕೆಂಬುದು ಮಗ ನಾಗಭೂಷಣನ ಆಸೆ. ಅದರಲ್ಲಿ ಪ್ರವಚನ ಚೆನ್ನಾಗಿ ಕೇಳಿದರೆ ಮಾತ್ರ ಒಪ್ಪಿಗೆ ಎಂಬುದು ತಾಯಿಯ ಷರತ್ತು. ಕ್ಯಾಸೆಟ್ಟು ಅವರದೇ. ಹೋದ ಶ್ರಾವಣದಲ್ಲಿ ಹರಿಹರದ ಮಠಕ್ಕೆ ಮನೆಯ ಟೇಪ್ ರೆಕಾರ್ಡರ್ ಒಯ್ದು ಬುದ್ಧಿಯವರ ಪ್ರವಚನ ತುಂಬಿಕೊಂಡದ್ದು. ಎ ಸೈಡ್ ಮುಗಿಯುವ ತನಕ ರೆಕಾರ್ಡರ್ ಸೊಸೆ ವಾಣಿಯ ಮಡಿಲಲ್ಲಿತ್ತು. ಕ್ಯಾಸೆಟ್ ತಿರುವಿ ಹಾಕಿದ ಮೇಲೆ, ಗೆಳತಿಯರ ನಡುವೆ ಕೂತಿದ್ದ ಅತ್ತೆಯ ಮಡಿಲಿಗೆ ಹೋಗಿತ್ತು. ಕಾರಿನ ಹಳೆಯ ಸ್ಪೀಕರಿನಲ್ಲಿ ಬುದ್ಧಿಯವರ ದನಿ ಕೊಡದೊಳಗಿಂದ ಬಂದಂತಿರುತ್ತಿತ್ತು. ಬೇರೇನೂ ಕೇಳುತ್ತಿರಲಿಲ್ಲ.

ಈಗ ಕೇಳಿತು. ಬುದ್ಧಿಯವರು ಉಸಿರೆಳೆದರು. ಯಾರದೋ ಬಳೆ ಸದ್ದಾಯಿತು. ಆಮೇಲೆ ಹೆಣ್ಣುದನಿಯೊಂದು ಪಿಸುಗುಟ್ಟಿತು: "ಏ ಬಿಂದು, ಇಲ್ನೋಡೇ..."

ವಾಣಿ ಧಡಕ್ಕನೆ ಎದ್ದು ಟೇಪ್ ನಿಲ್ಲಿಸಿದಳು. ಮುಂದಿನದು ಅವಳಿಗೆ ಬಾಯಿಪಾಠ. 'ನಮ್ಮತ್ತೆ ಕೂತಲ್ಲೇ ಗೊರಕೆ. ಮನೆಗೆ ಹೋದ್ಮೇಲೆ ಬುದ್ಧಿಯೋರು ಏನು ಹೇಳಿದ್ರು ಅಂತ ನಮಗೇ ಪಾಠ.' ಅಂದು ಮಠದಲ್ಲಿ ಪಕ್ಕದಲ್ಲಿ ಕೂತ ತಂಗಿಯ ಕಿವಿಗೆಂದು ತಾನೇ ಹೇಳಿದ ಮಾತು.

"ಯಾಕ ನಿಲ್ಸಿದೆ?" ಎಂದರು ಅತ್ತೆ.

"ಇದು ಬ್ಯಾಡ್ರಿ ಅತ್ತೆ. ದನಿ ತೆಳ್ಳಗಾತು. ಬುದ್ಧಿಯೋರ ಮಾತಿಗೆ ಒಂದು ತೂಕ ಬ್ಯಾಡ್ವೇ?" ವಾಣಿಯ ಕಣ್ಣು ಅಂಗಡಿಯನ್ನೆಲ್ಲ ತಡಕಾಡಿ ಮೂಲೆಯಲ್ಲಿ ನಿಂತಿತು. "ಅದೇನ್ರಿ, ಆ ದೊಡ್ಡ ಪೆಟ್ಟಿಗೆ?"

"ಹನ್ನೆರಡಿಂಚಿನ ಜೋಡಿ ವೂಫರ್ ಮೇಡಂ. ಕಾಲೇಜ್ ಹುಡುಗ್ರು ಹಾಕಿಸ್ತಾರೆ. ಅದ್ರ ಆಂಪ್ಲಿಫೈಯರ್ ಬರೀ ಧಮ್ ಧಮ್‌ಗೆ, ಮಾತು ಹಳೇ ಸ್ಪೀಕರ್‌ನಾಗೇ ಬರ್ತೈತೆ. ಪ್ರವಚನಕ್ಕೆ ಜೋಡಿ ಆಗಲ್ರಿ."

"ಹಾಕ್ರಿ, ಕೇಳೋಣ."

ಹಾಕಿದ. ಮಠದ ಸೀಲಿಂಗ್ ಫ್ಯಾನು ಹೆಲಿಕಾಪ್ಟರಿನಂತೆ ಅಂಗಡಿಯೊಳಗೆ ಇಳಿಯಿತು. ಬುದ್ಧಿಯವರು ಮೈಕಿಗೆ ಒಮ್ಮೆ ಬೆರಳು ತಟ್ಟಿದ್ದಕ್ಕೆ ಷೋಕೇಸಿನ ಗಾಜು ಅದುರಿತು. ಪಿಸುಮಾತಿನ ಸುಳಿವೇ ಇರಲಿಲ್ಲ.

"ಇದೇ ಇರ್ಲಿ," ಎಂದಳು ವಾಣಿ.

ಮಿಕ್ಸಿ ಸದ್ದಿಗೂ ತಲೆನೋವೆನ್ನುವ ಹೆಂಡತಿಯನ್ನು ನಾಗಭೂಷಣ ಬೆರಗಾಗಿ ನೋಡಿದ. "ಡಿಕ್ಕಿ ಪೂರ್ತಿ ಇದಕ್ಕೇ ಹೋಗ್ತೈತೆ ಕಣೇ. ಅವ್ವನ ರೊಟ್ಟಿ ಗಂಟು ಎಲ್ಲಿಡೋದು?"

"ನನ್ನ ಮಡಿಲಾಗೆ ಇಟ್ಕೊಂತೀನ್ರಿ."

ದ್ರಾಕ್ಷಾಯಣಮ್ಮ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡು, ತಿರುವಿ ಬಿ ಸೈಡನ್ನು ನೋಡಿದರು. "ಸೊಸೆ ಹೇಳಿದ್ದೇ ಆಗ್ಲಿ," ಎಂದರು. ಆರು ವರ್ಷದ ಸಂಸಾರದಲ್ಲಿ ಆ ಮಾತನ್ನು ವಾಣಿ ಕೇಳಿದ್ದು ಅದೇ ಮೊದಲು.

ಸೋಮವಾರ ಹರಿಹರದ ದಾರಿಯಲ್ಲಿ ಕಾರಿನ ಕಿಟಕಿಗಳೆಲ್ಲ ಪಟಪಟ ಅದುರುತ್ತಿದ್ದವು. ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ, ರೊಟ್ಟಿ ಗಂಟನ್ನು ಅವುಚಿಕೊಂಡು ಕೂತಿದ್ದ ವಾಣಿ, ಎ ಸೈಡ್ ಮುಗಿದ ಮೇಲೆಯೇ ಸರಿಯಾಗಿ ಉಸಿರು ಬಿಟ್ಟಳು.

ನಾಗಭೂಷಣ ಕ್ಯಾಸೆಟ್ ತಿರುವಿ ಹಾಕಿದ. "ಅವ್ವ, ಈ ಸೈಡಿಗೆ ಧಮ್ ಧಮ್ ಕಮ್ಮಿ ಮಾಡ್ತೀನಿ. ಮಾತು ನೆಟ್ಟಗೆ ಕೇಳ್ಲಿ."

ಹಿಂದಿನಿಂದ ಕೈಯೊಂದು ಚಾಚಿ ಬಂದು ಗುಂಡಿಯನ್ನು ಮುಚ್ಚಿ ಹಿಡಿಯಿತು.

"ಬ್ಯಾಡಪ್ಪ," ಎಂದರು ದ್ರಾಕ್ಷಾಯಣಮ್ಮ, ಸೊಸೆಯ ಕಡೆ ನೋಡದೆ. "ಇನ್ನೊಂದೀಟು ಜಾಸ್ತಿ ಮಾಡು."