ಕಳ್ಳನ ಬಾಯಲ್ಲಿ ನಮ್ಮ ಮಾತು

ನಾನು ಬರೆಯುವ ಪತ್ತೇದಾರಿ ಕಥೆಗಳಲ್ಲಿ ಕಳ್ಳ ಬಾಯಿ ತೆರೆದಾಗಲೆಲ್ಲ, ಬೇಯುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯುತ್ತದೆ.

ನನ್ನ ಬಾಲ್ಯದ ಒಂದು ಮಧ್ಯಾಹ್ನ, ಕೊಳ್ಳೇಗಾಲದ ನಮ್ಮ ಹಿತ್ತಲಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದ ಹೆಂಗಸರಿಗೆ ಚಿಕ್ಕಮ್ಮ ಒಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದಳು. ಇನ್‌ಸ್ಪೆಕ್ಟರ್ ಪುಸ್ತಕದ ಕನ್ನಡ ಆಡುತ್ತಿದ್ದ. ಕಳ್ಳ ಮಾತ್ರ, "ನಾ ಕದೀನಿಲ್ಲ ಸಾ" ಎನ್ನುತ್ತಿದ್ದ. ಎಲ್ಲರೂ ನಕ್ಕರು.

ಬಿಸಿನೀರಿಗೆ ಬೆರಳದ್ದಿದ್ದ ಅಜ್ಜಿ ನಗಲಿಲ್ಲ. "ಕಳ್ಳ ಯಾಕವ್ವ ನಮ್ಮಂಗೇ ಮಾತಾಡ್ತಾನೆ? ಪೊಲೀಸ್ನೋರ್ಗೆ ನಮ್ ಮಾತು ಬರದಿಲ್ವಾ?"

ಚಿಕ್ಕಮ್ಮ ಮೊದಲ ಪುಟಕ್ಕೆ ಹಿಂದಿರುಗಿ, ಗಂಟಲು ಸರಿಮಾಡಿಕೊಂಡು ಮತ್ತೆ ಶುರುಮಾಡಿದಳು. ಈಗ ಇನ್‌ಸ್ಪೆಕ್ಟರ್, "ಯಾಕ್ಲಾ ಕದ್ದೆ? ದಿಟ ಯೋಳ್ಲಾ" ಎಂದು ಗದರಿದ. ಕಳ್ಳ ಕೈಮುಗಿದು, "ಮಹನೀಯರೇ, ನಾನು ನಿರಪರಾಧಿ" ಎಂದ. ಅಜ್ಜಿ ಬಿದ್ದುಬಿದ್ದು ನಕ್ಕಳು.

ಪುಸ್ತಕ ಮುಗಿಯುವವರೆಗೂ ಚಿಕ್ಕಮ್ಮ ಆ ಕಳ್ಳನಿಗೆ ನಮ್ಮ ಮಾತು ಕೊಡಲಿಲ್ಲ.