ಏಳನೆಯ ಕಡ್ಡಿ

ಇದು ಆಡು ವಿಲ್ಲೋನೋ, ಬೂದು ವಿಲ್ಲೋನೋ? ಸಸ್ಯಶಾಸ್ತ್ರ ಕಲಿಸುವ ತರುಣ ಏಳನೆಯ ಕಡ್ಡಿಯನ್ನು ಬೆರಳ ನಡುವೆ ಮತ್ತೊಮ್ಮೆ ಹೊರಳಿಸಿದ. ಇಲ್ಲಿಯವರೆಗೆ ಬಂದು ಇದೊಂದರಲ್ಲಿ ಸೋಲುವುದೇ?

ಬುಟ್ಟಿಗೆ ಒದಗುವ ವಿಲ್ಲೋ ಗಿಡದ ಏಳು ಜಾತಿಗಳಿಂದ, ಎಲೆ ಉದುರಿದ ಚಳಿಗಾಲದಲ್ಲಿ ಕೊಯ್ದ ಏಳು ಬೋಳು ಕಡ್ಡಿಗಳು. ಏಳರ ಹೆಸರನ್ನೂ ಹೇಳಿದರೆ ಮಾತ್ರ ತನ್ನ ಮಗಳ ಜೊತೆ ಮದುವೆಗೆ ಒಪ್ಪಿಗೆ ಎಂದು ಬುಟ್ಟಿ ಹೆಣೆಯುವ ಯಜಮಾನ ಪಟ್ಟು ಹಿಡಿದಿದ್ದ. "ಎಲೆ ನೋಡಿ ಯಾರು ಬೇಕಾದ್ರೂ ಹೇಳ್ತಾರೆ, ಮೇಷ್ಟ್ರೇ. ಕಡ್ಡಿ ನೋಡಿ ಹೇಳಿ."

"ಪಂಥದಲ್ಲಿ ಇಡೋಕೆ ನಾನೇನು ಬುಟ್ಟಿನಾ ಅಪ್ಪ?" ಎಂದು ಮೂಲೆಯಲ್ಲಿ ಬುಟ್ಟಿಯ ಅಂಚು ಕಟ್ಟುತ್ತಿದ್ದ ಮಗಳು ಗೊಣಗಿದ್ದಳು. ಈಗ ಅವಳ ಕೈಯೂ ನಿಂತಿತ್ತು.

ಗೆಣ್ಣಿನಲ್ಲಿ ಲಟಕ್ಕನೆ ಮುರಿದದ್ದು, ಮೊಗ್ಗುಗಳು ಜೋಡಿಜೋಡಿಯಾಗಿದ್ದದ್ದು, ಹಳದಿ ದಾರದಂತೆ ಜೋತುಬಿದ್ದದ್ದು, ಹೀಗೆ ಆರು ಸಲೀಸಾಗಿ ಮುಗಿದಿದ್ದವು. ಏಳನೆಯದರ ಸಿಪ್ಪೆಯನ್ನು ಅವನು ಉಗುರಿನಿಂದ ಸುಲಿದ. ಒಳಗಿನ ಕಟ್ಟಿಗೆಯಲ್ಲಿ ಗೆರೆ ಎದ್ದಿದ್ದರೆ ಬೂದು, ನುಣುಪಾಗಿದ್ದರೆ ಆಡು.

"ಗೆರೆ ಇದ್ಯಲ್ಲಾ?" ಯಜಮಾನ ಬಗ್ಗಿ ಇಣುಕಿದ. "ಬೂದು ಅನ್ನಿ."

"ರೀ, ಹೇಳಿಕೊಡ್ಬೇಡಿ!" ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. "ಅದು ನಮ್ಮ ಗೇಟಿನ ಹತ್ತಿರದ ಪೊದೆ. ಆಡು ವಿಲ್ಲೋ. ಮೂವತ್ತು ವರ್ಷದಿಂದ ಬಡ್ಕೋತಿದೀನಿ."

"ಮೂವತ್ತು ವರ್ಷದಿಂದ ತಪ್ಪು ಹೇಳ್ತಿದೀಯ."

"ನೆಟ್ಟವಳು ನಾನು!"

"ಕುಯ್ಯೋನು ನಾನು. ಮುಟ್ಟಿದ್ರೆ ಗೊತ್ತಾಗಲ್ವಾ?"

"ನಿಮಗೆ ನಿಮ್ಮ ಚಪ್ಪಲಿನೇ ಗೊತ್ತಾಗಲ್ಲ. ನಿನ್ನೆ ನಂದು ಮೆಟ್ಕೊಂಡು ಸಂತೆಗೆ ಹೋಗಿದ್ರಿ!"

ಯಜಮಾನ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳು ನಗು ತಡೆಯಲಾರದೆ ಅವನ ಬೆನ್ನಿಗೊಂದು ಏಟು ಕೊಟ್ಟಳು. ಅಂಗಿಯ ಮೇಲೆ ಐದೂ ಬೆರಳು ಬೆಳ್ಳಗೆ ಮೂಡಿದವು. ಆಮೇಲೆ ಇಬ್ಬರೂ ಒಟ್ಟಿಗೆ ಇವನತ್ತ ತಿರುಗಿದರು. "ನೀವೇ ಹೇಳಿ, ಮೇಷ್ಟ್ರೇ."

ಅವನು ಆ ಬಿಳಿ ಗುರುತನ್ನೇ ನೋಡುತ್ತಿದ್ದ. "ಇದೊಂದು ನಂಗೆ ಗೊತ್ತಾಗ್ಲಿಲ್ಲ" ಎಂದ.

ಮಗಳು ತಲೆ ತಗ್ಗಿಸಿದಳು. ತಾಯಿ ಮಾತ್ರ ಮೂಗಿನ ಮೇಲೆ ಬೆರಳಿಟ್ಟಳು. "ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋ ಗಂಡಸು! ನಮ್ಮನೆಗೆ ಇಂಥವನೇ ಬೇಕಾಗಿತ್ತು."

"ಇವಳ ಪಕ್ಷ ವಹಿಸ್ಲಿಲ್ಲವಲ್ಲ, ನಂಗಷ್ಟು ಸಾಕು" ಎಂದ ಯಜಮಾನ, ಅಳಿಯನ ಕೈ ಕುಲುಕುತ್ತಾ.

ಸಿಪ್ಪೆ ಸುಲಿದಾಗಲೇ ಅವನಿಗೆ ಕಂಡಿತ್ತು: ಕಡ್ಡಿಯ ಬುಡದಲ್ಲಿ ಗೆರೆಗಳಿದ್ದವು. ಅರ್ಧಕ್ಕೆ ಬರುವಷ್ಟರಲ್ಲಿ ಅಳಿಸಿಹೋಗಿ ಕಟ್ಟಿಗೆ ನುಣುಪಾಗಿತ್ತು. ಅದು ಎರಡೂ ಬೆರೆತು ಹುಟ್ಟಿದ ಗಿಡ. ಇಬ್ಬರದೂ ಅರ್ಧರ್ಧ ಸರಿ. ಇದನ್ನು ಅವನು ಆವತ್ತೂ ಹೇಳಲಿಲ್ಲ, ಮದುವೆಯಾದ ಮೇಲೂ ಹೇಳಲಿಲ್ಲ.