ಯಾರ ದನಿ ಜೋರು

ಬೇವಿನ ಮರದ ಕವಲಿಗೆ ಎರಡು ಹಾರ್ನ್ ಸ್ಪೀಕರುಗಳನ್ನು ಬಿಗಿದು ಮೈಕ್‌ಸೆಟ್ಟಿನ ಮಾಡಸಾಮಿ ಕೆಳಗಿಳಿದ. ಚಪ್ಪರದಡಿ ಕಂಪ್ಯೂಟರ್ ತೆರೆದಿಟ್ಟು ವೈರುಗಳನ್ನು ಸಿಕ್ಕಿಸತೊಡಗಿದ. ಒಳಗೆ ವಳ್ಳಿಮಯಿಲಿನ ಹೆಣಕ್ಕೆ ಇನ್ನೂ ಹೊಸ ಸೀರೆ ಹೊದಿಸಿರಲಿಲ್ಲ. ಮಗ ಸೆಂದೂರ್‌ಪಾಂಡಿಗೆ ಹಾರ್ನಿನದೇ ಅವಸರ.

"ಒಪ್ಪಾರಿ ಹಾಕಯ್ಯ. ಪಕ್ಕದೂರಿನ ಬೀಗರ ಮನೆಗೆ ಕೇಳಿಸ್ಬೇಕು."

ಅಷ್ಟರಲ್ಲಿ ಪೇಚ್ಚಿ ಬಂದಳು. ಆ ಕರಿನೆಲದ ಊರುಗಳ ಸಾವಿನ ಮನೆಗಳಲ್ಲಿ ಎದೆ ಬಡಿದುಕೊಂಡು, ಸತ್ತವರನ್ನು ಹೊಗಳಿ ಅಳುವ ಒಪ್ಪಾರಿ ಹಾಡುತ್ತಲೇ ಮುದುಕಿಯಾದವಳು. ಹತ್ತಿ ಬಿಡಿಸುವ ಹೊಲದಲ್ಲಿ ವಳ್ಳಿಮಯಿಲು ಅವಳ ಜೊತೆಗಾತಿಯಾಗಿದ್ದಳು.

"ಪಾಂಡಿ, ನಿಮ್ಮಮ್ಮ ಕೈ ಹಿಡ್ಕೊಂಡು ಹೇಳಿದ್ಲಪ್ಪ, ನಾ ಸತ್ತಾಗ ನೀನೇ ಹಾಡ್ಬೇಕು ಅಂತ. ಮಾತು ಕೊಟ್ಟಿದೀನಿ."

"ನಿಂಗೆ ಉಸಿರೆಲ್ಲೈತೆ ಪೇಚ್ಚಿಯಮ್ಮ? ಮಧುರೈ ತಂಡದ ರೆಕಾರ್ಡ್ ಹಾಕ್ತಾನೆ."

"ಅಜ್ಜಿ ಹಾಡೂ ಐತೆ ಅಣ್ಣಾಚಿ," ಎಂದ ಮಾಡಸಾಮಿ. ಹಿಂದೊಮ್ಮೆ ಯಾವುದೋ ಸಾವಿನಲ್ಲಿ ಫೋನಿಗೆ ಹಿಡಿದಿಟ್ಟಿದ್ದ. "ಎರಡೂ ಕೇಳಿ."

ಮಧುರೈ ತಂಡ ಬಾಯಿ ಬಿಟ್ಟದ್ದೇ ಮರದ ಕಾಗೆಗಳೆಲ್ಲ ಎದ್ದು ಹೋದವು. ಚಪ್ಪರದ ಗಂಡಸರು ತಲೆದೂಗಿದರು. ಆಮೇಲೆ ಪೇಚ್ಚಿಯ ಹಾಡು ಬಂತು. ಬಾವಿಯ ತಳದಿಂದ ಯಾರೋ ಕರೆದ ಹಾಗಿತ್ತು.

"ಹೆಣಾನೇ ಎದ್ದು ಕೂತು ಅತ್ರೂ ಇದಕ್ಕಿಂತ ಜೋರಾಗಿರುತ್ತೆ," ಎಂದ ಎಲೆ ಅಡಿಕೆ ಜಗಿಯುತ್ತಿದ್ದ ಒಬ್ಬ ಮುದುಕ. ಎಲ್ಲರೂ ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಟವಲಿನಿಂದ ಬಾಯಿ ಒರೆಸಿಕೊಂಡರು.

"ಇದು ನನ್ ದನಿ ಅಲ್ಲ," ಎಂದಳು ಪೇಚ್ಚಿ. "ಅವತ್ತು ನಾ ಹಾಡಿದ್ದಕ್ಕೆ ಕಟ್ಟಿದ್ದ ಎತ್ತು ಬೆದರಿ ಹಗ್ಗ ಕಿತ್ಕೊಂಡು ಹೋಗಿತ್ತು."

"ಹಂಗಾದ್ರೆ ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಎಂದ ಸೆಂದೂರ್‌ಪಾಂಡಿ.

ಎದುರಿಗೇ ನಿಂತಿದ್ದವಳಿಗೆ ಒಂದು ಸೊಲ್ಲು ಹಾಡು ಎನ್ನಬೇಕೆಂದು ಅಷ್ಟು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಎಲ್ಲರೂ ಮಾಡಸಾಮಿಯ ಮುಖ ನೋಡಿದರು.

ಅವನು ತಲೆ ಕೆರೆದುಕೊಂಡ. "ಹಂಗಲ್ಲ ಅಣ್ಣಾಚಿ. ಇದರಲ್ಲಿ ಹಾಡು ನುಡಿಸೋ ಪ್ಲೇಯರ್ ಎರಡವೆ. ಮಧುರೈದು ಹೊಸದರಲ್ಲಿ ಹಾಕಿದ್ದೆ. ಮೆಲ್ಲಗಿರೋ ಹಾಡನ್ನೂ ಅದು ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತೆ. ಅಜ್ಜಿದು ಹಳೇದರಲ್ಲಿ ತೆರ್ಕೊಂಡ್ತು. ನಾನು ದೂರ ನಿಂತು ಎಷ್ಟು ಹಿಡಿದಿದ್ನೋ ಅಷ್ಟೇ ಕೊಡುತ್ತೆ ಅದು. ತಡೀರಿ."

ಪೇಚ್ಚಿಯ ಹಾಡನ್ನು ಹೊಸದಕ್ಕೆ ಹಾಕಿದ. ಹಾರ್ನು ನಡುಗಿತು. ಆ ಗೋಳು ಮನೆಯ ಮಾಡು ದಾಟಿ, ತಾಳೆಮರಗಳ ಸಾಲು ದಾಟಿ ಹೋಯಿತು. ಕೇರಿಯ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಬಂದರು. ನಗಿಸಿದ್ದ ಮುದುಕ ಬಾಯೊಳಗಿನದನ್ನು ಉಗಿದು ಬಂದು, "ಇದಪ್ಪ ದನಿ," ಎಂದ, ಮೊದಲಿಂದಲೂ ಅದನ್ನೇ ಹೇಳುತ್ತಿದ್ದವನ ಹಾಗೆ.

ಪೇಚ್ಚಿ ತುರುಬು ಬಿಚ್ಚಿ ಕೂದಲು ಹರಡಿಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಗೊತ್ತಾಯ್ತಲ್ಲ ಪಾಂಡಿ. ಅದನ್ನ ನಿಲ್ಸು, ನಾ ಶುರು ಮಾಡ್ತೀನಿ."

ಸೆಂದೂರ್‌ಪಾಂಡಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಯಾಕೆ ನಿಲ್ಸೋದು? ಇಷ್ಟು ಚೆನ್ನಾಗಿ ಹಾಡ್ತಾ ಇದೀಯಲ್ಲ."

"ಅದು ಕಾಳಿಯಪ್ಪನ ಸಾವಿಗೆ ಹಾಡಿದ್ದು ಕಣಪ್ಪ. ಹೋರಿ ಹಿಡಿದ ಗಂಡೇ, ಮೀಸೆಯ ದೊರೆಯೇ ಅಂತ ಐತೆ. ವಳ್ಳಿ ಹೆಸರೇ ಇಲ್ಲ ಅದರಲ್ಲಿ."

"ಹೆಸರು ಯಾರು ಕೇಳ್ತಾರೆ? ನೀ ಹೋಗಿ ಕಾಫಿ ಕುಡಿ. ಮಾಡಸಾಮಿ, ಹೆಣ ಎತ್ತೋ ತನಕ ಇದೇ ಓಡ್ಲಿ."

ಪೇಚ್ಚಿ ಕಾಫಿಯ ಕಡೆ ಹೋಗಲಿಲ್ಲ. ಒಳಗೆ ಹೋಗಿ ಗೆಳತಿಯ ಪಕ್ಕದಲ್ಲಿ ಕೂತಳು. ತಲೆಯ ಮೇಲೆ ಕಾಳಿಯಪ್ಪನ ಮೀಸೆಯ ವರ್ಣನೆ ಮೊಳಗುತ್ತಿತ್ತು. ಅವಳು ಬಗ್ಗಿ, ವಳ್ಳಿಮಯಿಲಿನ ಕಿವಿಗೆ ಬಾಯಿ ತಾಗಿಸಿ ಶುರು ಮಾಡಿದಳು: ಹತ್ತಿಯ ಹೊಲ, ಒಂದೇ ಗಡಿಗೆಯಿಂದ ಇಬ್ಬರೂ ಕುಡಿದ ಅಂಬಲಿ, ಬದುವಿನ ಮೇಲೆ ಬಿಸಿಲಿಗೆ ಸುಟ್ಟುಕೊಂಡ ಕಾಲು.

ಚಪ್ಪರದಲ್ಲಿ ಸೆಂದೂರ್‌ಪಾಂಡಿ ಹುಬ್ಬು ಗಂಟಿಕ್ಕಿ ಬಾಗಿಲ ಕಡೆ ತಿರುಗಿದ.

"ಒಳಗ್ಯಾರದು ಗೊಣಗ್ತಿರೋದು? ಸುಮ್ನಿರೋಕೆ ಹೇಳಿ. ಪೇಚ್ಚಿಯಮ್ಮನ ಹಾಡು ಸರಿಯಾಗಿ ಕೇಳಿಸ್ತಿಲ್ಲ."